ಎರಡನೆಯ ಅಕ್ಷರದ ಒತ್ತು

ಅಕ್ಕ ಮಾರೇನಹಳ್ಳಿಯ ತನ್ನ ಮನೆಯಲ್ಲೇ ಕೂತು ಪೋರ್ಚುಗೀಸ್ ಕಾಗದಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದಳು. ಬಿನ್ನಿಪೇಟೆಯಲ್ಲಿ ನಾನು ಗುಮಾಸ್ತೆಯಾಗಿದ್ದ ಗಾರ್ಮೆಂಟ್ಸ್ ಮುಚ್ಚಿದಾಗ, "ಸುಮ್ನೆ ಕೂರ್ಬೇಡ, ಇದನ್ನ ಕಲಿ," ಎಂದು ನನಗೂ ಹೇಳಿಕೊಡತೊಡಗಿದಳು. ಆಗ ನನಗೆ ನಲವತ್ತೊಂದು.

ಮಿಕ್ಕ ಪದಗಳು ಹೇಗೋ ಬಂದವು, ಕ್ರಿಯಾಪದಗಳು ಬರಲಿಲ್ಲ. ಒತ್ತಕ್ಷರ ಬರೆದು ಬೆಳೆದ ನನಗೆ ಈ ಬಗೆಯ ಒತ್ತು ಗೊತ್ತಿರಲಿಲ್ಲ. ಅಲ್ಲಿ ಪದದ ಒಂದೇ ಅಕ್ಷರದ ಮೇಲೆ ದನಿ ಊರಬೇಕು. ಅಕ್ಕ ಊಟದ ಮೇಜಿನ ಮೇಲೆ ಬೆರಳಿಂದ ತಟ್ಟುತ್ತಾ ಪದ ಬಿಡಿಸುತ್ತಿದ್ದಳು. ಫ, ಲ, ರ. ನಡುವಿನದು ಜೋರಾದರೆ 'ಮಾತಾಡಿದ್ದಳು'. ಕೊನೆಯದು ಜೋರಾದರೆ 'ಮಾತಾಡುವಳು'. ನಾನು ಪ್ರತಿ ಸಲ ಅದಲುಬದಲು ಮಾಡುತ್ತಿದ್ದೆ.

"ಆಗಿಹೋಗಿದ್ದನ್ನೂ ಆಗೋದನ್ನೂ ಒಂದೇ ಮಾಡ್ತೀಯಲ್ಲೇ," ಎಂದು ನಗುತ್ತಿದ್ದಳು.

ನಾನು ಕಟ್ಟಿದ್ದ ಪೋರ್ಚುಗೀಸ್ ಪರೀಕ್ಷೆಗೆ ಮೂರು ತಿಂಗಳಿರುವಾಗ ಅಕ್ಕನಿಗೆ ಸ್ಟ್ರೋಕ್ ಆಯಿತು. ಬಲಗೈಯೂ ಮಾತೂ ಹೋದವು. ಮನೆಗೆ ಕರೆತಂದ ಮೇಲೆ, ಪದಗಳನ್ನು ತುಂಡು ತುಂಡಾಗಿ ಹೇಳಿಸಿ ಎಂದು ಥೆರಪಿಸ್ಟ್ ತಿಳಿಸಿದರು. ನೀ, ರು. ಅಮ್, ಮ. ಅಕ್ಕನ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರೆ ಭಾವ ಎದ್ದು ಬಾಲ್ಕನಿಗೆ ಹೋಗಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ಬೇರೇನೂ ತೋಚದೆ ಅವಳ ಪಕ್ಕದಲ್ಲಿ ಕೂತು ಪಾಠದ ಪುಸ್ತಕವನ್ನು ಗಟ್ಟಿಯಾಗಿ ಓದಿದೆ. 'ಫಲಾಸೆಮುಸ್' ಬಂತು: ನಾವು ಮಾತಾಡಿದ್ದರೆ. ನಾನು ಕೊನೆಯ ಅಕ್ಷರಕ್ಕೆ ಒತ್ತು ಹಾಕಿದೆ. ಅಕ್ಕನ ಎಡಗೈ ಮಂಚದ ಅಂಚಿಗೆ ಸರಿಯಿತು. ನಾಲ್ಕು ಸಲ ತಟ್ಟಿದಳು, ಎರಡನೆಯದು ಜೋರಾಗಿ. ನನ್ನ ತಪ್ಪು ತಿದ್ದಿದ್ದಳು. ಆ ಕೈ ಹಿಡಿದು ಅತ್ತುಬಿಟ್ಟೆ. ಅವಳು ಕೈ ಬಿಡಿಸಿಕೊಂಡು, ಮುಂದಕ್ಕೆ ಓದು ಎನ್ನುವಂತೆ ಪುಸ್ತಕ ತೋರಿಸಿದಳು.

ಅಂದಿನಿಂದ ದಿನವೂ ಪಾಠ ನಡೆಯಿತು. "ಎಲ್ಲಾ ತಲೇಲಿದೆ ಭಾವ, ಮಾತೂ ಬರುತ್ತೆ ನೋಡ್ತಿರಿ," ಎಂದೆ. ಅವರು ತಲೆಯಾಡಿಸಿದರು. ಆರು ವಾರ ಕಳೆಯಿತು. ಇನ್ನೊಂದು ಸ್ಟ್ರೋಕ್ ಆಗಿ, ಒಂದು ಮಾತೂ ಆಡದೆ ಅಕ್ಕ ಹೋದಳು.

ಕಾರ್ಯಗಳು ಮುಗಿದ ಮರುವಾರವೇ ಪರೀಕ್ಷೆ. ಹೋಗುವುದಿಲ್ಲ ಎಂದವಳನ್ನು ಭಾವನೇ ಸ್ಕೂಟರಿನಲ್ಲಿ ಕರೆದೊಯ್ದು ಬಿಟ್ಟರು. ಮೌಖಿಕ ಪರೀಕ್ಷೆಯಲ್ಲಿ ಒಂದು ಕ್ರಿಯಾಪದವೂ ತಪ್ಪಲಿಲ್ಲ. ಯಾರ ಹತ್ತಿರ ಕಲಿತಿರಿ ಎಂದು ಪರೀಕ್ಷಕಿ ಪೋರ್ಚುಗೀಸಿನಲ್ಲೇ ಕೇಳಿದರು. ಅಕ್ಕನ ಹತ್ತಿರ ಎಂದೆ. ಅವರು ಈಗಲೂ ಪಾಠ ಮಾಡುತ್ತಾರಾ ಎಂದು ಮತ್ತೆ ಕೇಳಿದರು. ಉತ್ತರಕ್ಕೆ ಬೇಕಾದ ಭೂತಕಾಲ ನನಗೆ ಚೆನ್ನಾಗಿ ಬರುತ್ತಿತ್ತು. ಮೇಜಿನ ಅಂಚಿಗೆ ಬೆರಳು ತಟ್ಟುತ್ತಾ ಒಂದೊಂದೇ ಅಕ್ಷರವಾಗಿ ಹೇಳಿದೆ.