ಸೋತವರ ಕೆಲಸ

ಸಂಘದಲ್ಲಿ ಕೈ ಎತ್ತಿಸುವ ಹೊತ್ತಿಗೆ ಶರಣಪ್ಪಣ್ಣ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ತಮ್ಮ ಕೈಯನ್ನೂ ಹಾಗೇ ಎತ್ತುತ್ತಿದ್ದರು. "ನನ್ನ ಮಾರಿ ನೋಡಿ ಯಾರೂ ಕೈ ಎತ್ತಬ್ಯಾಡ್ರಿ" ಅನ್ನುತ್ತಿದ್ದರು.

ಕಲಬುರಗಿ ಕಡೆಯವರು. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಕೆಲಸ, ಮರ್ಫಿ ಟೌನಿನ ನಮ್ಮ ಬೀದಿಯಲ್ಲಿ ಬಾಡಿಗೆ ರೂಮು. ತೊಂಬತ್ತರ ದಶಕದಲ್ಲಿ ಹುಡುಗರು ಕ್ರಿಕೆಟ್ಟಿಗೆ ಅಂತ ಕಟ್ಟಿಕೊಂಡಿದ್ದ ಯುವಕ ಸಂಘವನ್ನು ನೀರು, ಚರಂಡಿ, ಬೀದಿದೀಪ ಕೇಳುವ ಸಂಘ ಮಾಡಿದವರು ಅವರೇ. ಹುಡುಗಿಯರನ್ನೂ ಕರೆದರು. ಗಾರ್ಮೆಂಟ್ಸಿಗೆ ಹೋಗುತ್ತಿದ್ದ ನಾನು ಸೇರಿದ್ದು ಹಾಗೆ. ಅಲ್ಲಿ ಇದ್ದದ್ದು ಒಂದೇ ಕಟ್ಟಳೆ. ಯಾವ ತೀರ್ಮಾನವೇ ಆಗಲಿ, ಅದಕ್ಕೆ ಬೇಡ ಅಂದು ಸೋತವರೇ ಮುಂದೆ ನಿಂತು ಆ ಕೆಲಸ ಮಾಡಬೇಕು. ಇದೆಂಥಾ ಶಿಕ್ಷೆ ಅಂತ ನಾನು ಜಗಳಕ್ಕೇ ನಿಂತಿದ್ದೆ.

"ಗೆದ್ದಾಂವ ಹ್ಯಾಂಗೂ ಮಾಡ್ತಾನ ತಂಗಿ. ಸೋತಾಂವ ಮುನಿಸ್ಕೊಂಡು ಮನೀಗಿ ಹೋದ್ರ ಸಂಘ ಉಳೀತದೇನು?" ಅಂದರು.

ಕಾರ್ಪೊರೇಷನ್ ಚುನಾವಣೆ ಬಂತು. ಸಂಘದಿಂದ ಒಬ್ಬರು ನಿಲ್ಲಬೇಕು ಅಂತಾಯಿತು. ಅಣ್ಣನಿಗೆ ಆ ಆಸೆ ಎಷ್ಟಿತ್ತೆಂದು ಬೀದಿಗೆಲ್ಲ ಗೊತ್ತು. ಬಿಳಿ ಅಂಗಿ ಹೊಲಿಸಿಕೊಂಡೂ ಆಗಿತ್ತು. ಅಷ್ಟರಲ್ಲಿ ನಮ್ಮ ಪಕ್ಕದ ಮನೆಯ ವೇಲು, "ಮಂಜುಳಾ ನಿಲ್ಲಲಿ ಗುರು, ಇವಳಿಗೆ ಬಾಯಿ ಜಾಸ್ತಿ" ಅಂತ ನನ್ನ ಹೆಸರು ಹೇಳಿಬಿಟ್ಟ. ಅಣ್ಣ ಗೋಡೆಗೆ ತಿರುಗಿದರು. ಕೈಗಳು ನನ್ನ ಪರವಾಗಿ ಎದ್ದವು. ಈ ಕಡೆ ತಿರುಗಿದಾಗ ಅವರ ಮುಖ ಸಪ್ಪಗಾದದ್ದನ್ನು ಕಂಡೆ.

ಮರುದಿನ ಬೆಳಿಗ್ಗೆ ಅದೇ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದರು. "ನಡಿ ತಂಗಿ, ಓಟು ಕೇಳೋಣು." ಮನೆಮನೆಗೂ ನನಗಿಂತ ಮುಂದೆ ನಡೆದರು. ತಮಿಳರೇ ಹೆಚ್ಚಿದ್ದ ಬೀದಿ, ಅಣ್ಣನಿಗೆ ತಮಿಳು ಬರದು, ಕೈಮುಗಿದು "ನಮ್ಮ ಹುಡುಗಿ, ನಮ್ಮ ಹುಡುಗಿ" ಅನ್ನುತ್ತಿದ್ದರು.

ನಾನು ಸೋತೆ. ಅಳುತ್ತಾ ಕೂತವಳಿಗೆ, "ಸೋತಿ ಅಲ್ಲ? ಇನ್ನ ಕೆಲಸ ನಿಂದೇ" ಅಂದರು. ಗೆದ್ದವರ ಬೆನ್ನು ಹತ್ತಿ ಬೀದಿಯ ಚರಂಡಿ ಮಾಡಿಸುವ ತನಕ ನಾನು ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಅಣ್ಣ ಕಾಮಾಲೆಯಿಂದ ತೀರಿಕೊಂಡರು. ಸಂತಾಪ ಸಭೆಯಲ್ಲಿ, ಅವರ ಫೋಟೋ ಸಂಘದ ಗೋಡೆಗೆ ಹಾಕೋಣ ಅಂತ ಹುಡುಗರು ಅಂದರು. ಗೋಡೆ ಮೇಲೆ ದೊಡ್ಡವರು ಕೂತರೆ ಕೆಳಗೆ ಕೂತವರ ಬಾಯಿ ಕಟ್ಟುತ್ತದೆ, ಫೋಟೋ ಬೇಡ ಅಂತ ಅವರೇ ಅನ್ನುತ್ತಿದ್ದರು. ಅದನ್ನು ನೆನಪಿಸಿದೆ. ಕೈ ಎತ್ತಿಸಿದರು. ಬೇಡ ಅಂದವಳು ನಾನೊಬ್ಬಳೇ.

ವೇಲು ಸುತ್ತಿಗೆ, ಮೊಳೆ ತಂದು ನನ್ನ ಕೈಗಿಟ್ಟ. ಅಣ್ಣ ನಿಲ್ಲುತ್ತಿದ್ದ ಜಾಗದಲ್ಲೇ ಗೋಡೆಗೆ ಮುಖ ಮಾಡಿ ನಿಂತೆ. ಕಣ್ಣು ಮಂಜಾಗಿತ್ತು. ಆದರೂ ಫೋಟೋ ಸೊಟ್ಟಗಾಗದ ಹಾಗೆ ಹಾಕಿದೆ.