ಬೆರಳಚ್ಚು ಮಾಡಿದ ಹೇಳಿಕೆ

ತಂದೆ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ರಾಯಚೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯ ಕೆಲಸ ಸಿಕ್ಕಿತು. ಎಪ್ಪತ್ತರ ದಶಕದ ಕೊನೆ. ಪರ್ಮಿಟ್ ಇಲ್ಲದೆ ಸಿಮೆಂಟು ಸಿಗದ ಕಾಲ. ನಾನು ಸೇರಿದ ಎರಡನೆಯ ಮಳೆಗಾಲದಲ್ಲಿ ಮಾನ್ವಿ ತಾಲೂಕಿನ ಒಂದು ಸಣ್ಣ ಊರಿನಲ್ಲಿ ಹೊಸ ಶಾಲೆಯ ಛಾವಣಿ ಕುಸಿದು ಹುಡುಗಿಯೊಬ್ಬಳು ಸತ್ತಳು. ಕಟ್ಟಡಕ್ಕೆ ಒಂದು ವರ್ಷವೂ ತುಂಬಿರಲಿಲ್ಲ. ವಿಚಾರಣೆಗೆ ನಮ್ಮ ಸಾಹೇಬರನ್ನು ನೇಮಿಸಿದರು. ಟೈಪ್‌ರೈಟರನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಜೀಪು ಹತ್ತಿದೆ.

ಮಾನ್ವಿಯ ಪ್ರವಾಸಿ ಮಂದಿರದಲ್ಲಿ ಇಳಿದೆವು. ಯಾರ ಮೇಲೆ ವಿಚಾರಣೆಯೋ ಆ ಎಂಜಿನಿಯರೇ ಊಟ ಕಳಿಸಿದ್ದರು. ನಾನೂ ಉಂಡೆ.

ಮಧ್ಯಾಹ್ನ ಸತ್ತ ಹುಡುಗಿಯ ತಾಯಿ ಬಂದಳು. ಕುರಿ ಸಾಕುವ ಮನೆಯವಳು. ಆ ಶಾಲೆ ಕಟ್ಟುವಾಗ ಅಲ್ಲೇ ಕೂಲಿ ಮಾಡಿ ಗಾರೆ ಹೊತ್ತವಳು. ಕುರ್ಚಿ ತೋರಿಸಿದರೂ ನೆಲದ ಮೇಲೆಯೇ ಕೂತಳು.

"ಸಿಮಿಟಿನ ಚೀಲ ಬಂದಿದ್ವುರೀ, ನಾವೇ ಇಳಿಸೀವಿ. ಎರಡ ದಿನಕ್ಕ ಟ್ರ್ಯಾಕ್ಟರಿನ್ಯಾಗ ಹೇರಿಕೊಂಡು ಅಕ್ಕಿ ಮಿಲ್ಲು ಕಟ್ಟಾಕತ್ತಿದ್ದ ಕಡಿ ಒಯ್ದ್ರು. ನಮಗ ಉಸುಕು ಜಾಸ್ತಿ ಹಾಕಿ ಕಲಸ್ರಿ ಅಂದ್ರು. ಇದು ನಿಲ್ಲತದೇನ್ರಿ ಅಂತ ಎಂಜಿನೀರ ಸಾಹೇಬ್ರಿಗೆ ನಾನೇ ಕೇಳೀನಿ. ನಿನಗ್ಯಾಕ ಬೇಕು, ಹೊರು ಅಂದ್ರು."

ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಆಕೆಗೆ ಕೇಳಿಸದಷ್ಟು ಮೆಲ್ಲಗೆ, ಆಕೆಯ ಹೇಳಿಕೆಯೆಂದು ಬರೆಸತೊಡಗಿದರು: ಕಟ್ಟಡಕ್ಕೆ ಎಷ್ಟು ಸಿಮೆಂಟು ಬಳಸಿದರೆಂಬುದು ನನಗೆ ತಿಳಿದಿರುವುದಿಲ್ಲ. ಆ ವಾರ ವಿಪರೀತ ಮಳೆಯಿತ್ತು. ಮೇಸ್ತ್ರಿ ಸರಿಯಾಗಿ ಕೆಲಸ ಮಾಡಿರಲಿಲ್ಲ.

ನನ್ನ ಬೆರಳು ನಿಂತವು.

"ಟೈಪ್ ಮಾಡಮ್ಮ," ಎಂದರು. ಗದರಿಸಲಿಲ್ಲ. ಮಾಡಿದೆ.

ಹೆಬ್ಬೆಟ್ಟು ಒತ್ತುವ ಮೊದಲು ಆಕೆ ನನ್ನನ್ನು ಕೇಳಿದಳು: "ನಾ ಹೇಳಿದ್ದೆಲ್ಲಾ ಬರದೀಯೇನವ್ವಾ?"

"ಹೂಂ," ಎಂದೆ.

ಕಚೇರಿಯಿಂದ ಬಂದವರಲ್ಲಿ ನಾನೊಬ್ಬಳೇ ಹೆಂಗಸು ಎಂದು ಆಕೆ ನನ್ನನ್ನು ನಂಬಿದ್ದಳು. ನನ್ನ ಸಂಬಳದ ಮೇಲೆ ತಾಯಿ, ಇಬ್ಬರು ತಂಗಿಯರು ಬದುಕುತ್ತಿದ್ದರು. ಅದನ್ನು ಆಗ ಕಾರಣ ಎಂದುಕೊಂಡಿದ್ದೆ.

ತಪ್ಪೆಲ್ಲ ಮೇಸ್ತ್ರಿಯದೆಂದು ವರದಿ ಹೋಯಿತು. ಅವನು ಜೈಲು ಕಂಡ. ಎಂಜಿನಿಯರು ಕೆಲವು ತಿಂಗಳು ಅಮಾನತಿನಲ್ಲಿದ್ದು ಅದೇ ಕುರ್ಚಿಗೆ ಮರಳಿದರು.

ಮರುವರ್ಷ ಆಕೆ ನಮ್ಮ ಕಚೇರಿ ಹುಡುಕಿಕೊಂಡು ಬಂದಳು, ವಿಚಾರಣೆ ಏನಾಯಿತೆಂದು ಕೇಳಲು. ವರಾಂಡದ ಮೂಲೆಗೆ ಕರೆದೊಯ್ದು ನಿಜ ಹೇಳಿಬಿಟ್ಟೆ.

"ಅವತ್ತ ಯಾಕ ಹೂಂ ಅಂದಿ?"

"ಅಂಜಿದ್ದೆ ಯವ್ವಾ."

"ಹಂಗಾದ್ರ ಈಗ ಬರಿ."

ಅಲ್ಲೇ ಕೂತು ಆಕೆಯ ಮಾತನ್ನು ಆಕೆ ಹೇಳಿದಂತೆಯೇ ಬರೆದೆ. ಹಿಂದಿನ ಹೇಳಿಕೆ ಸುಳ್ಳು, ಅದನ್ನು ಟೈಪ್ ಮಾಡಿದವಳು ನಾನೇ ಎಂದು ಕೆಳಗೆ ಸಹಿ ಹಾಕಿದೆ. ಬೆಂಗಳೂರಿನ ಮೇಲಧಿಕಾರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಅಂದು ಮನೆಗೆ ಹೋಗುವಾಗ ಹೆಜ್ಜೆ ಹಗುರವಾಗಿತ್ತು.

ನಾಲ್ಕು ತಿಂಗಳಿಗೆ ಆ ಅರ್ಜಿ ಕೆಳಗಿಳಿದು ಬಂತು. "ಪರಿಶೀಲಿಸಿ ವರದಿ ಸಲ್ಲಿಸುವುದು" ಎಂಬ ಷರಾ ಇತ್ತು. ಬಂದದ್ದು ನಮ್ಮ ಸಾಹೇಬರ ಮೇಜಿಗೇ. ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು. ತಾಯಿಯ ಆರೋಗ್ಯ ವಿಚಾರಿಸಿದರು. ತಂಗಿಯರ ಮದುವೆ ಆಯಿತೇ ಎಂದರು. ನಂತರ ಉತ್ತರ ಬರೆಸಿದರು: ದೂರಿನಲ್ಲಿ ಹುರುಳಿಲ್ಲ, ಬೆರಳಚ್ಚುಗಾರ್ತಿಯು ಪ್ರಚೋದನೆಗೆ ಒಳಗಾಗಿ ಸಹಿ ಮಾಡಿರುತ್ತಾಳೆ.

ಅದನ್ನೂ ನಾನೇ ಟೈಪ್ ಮಾಡಿದೆ. ಒಂದಕ್ಷರ ತಪ್ಪದ ಹಾಗೆ.

ತಿಂಗಳೊಳಗೆ ನನ್ನನ್ನು ದೇವದುರ್ಗಕ್ಕೆ ವರ್ಗ ಮಾಡಿದರು. ಸಾಹೇಬರು ನಿವೃತ್ತರಾದರು, ಹಾರ, ಶಾಲು, ಭಾಷಣ ಎಲ್ಲ ಆಯಿತಂತೆ. ಎಂಜಿನಿಯರಿಗೆ ಬಡ್ತಿ ಸಿಕ್ಕಿತು. ಮೇಸ್ತ್ರಿ ಜೈಲಿನಿಂದ ಬಂದ ಮೇಲೆ ಊರಲ್ಲಿ ಯಾರೂ ಕೆಲಸ ಕೊಡದೆ ಹೆಂಡತಿ ಮಕ್ಕಳೊಂದಿಗೆ ಆಂಧ್ರದ ಕಡೆ ಹೋದನೆಂದು ಕೇಳಿದೆ.

ಎಂಬತ್ತರ ದಶಕದ ನಡುವೆ ಒಮ್ಮೆ ಆ ಊರಿಗೆ ಹೋದೆ. ಕ್ಷಮೆ ಕೇಳಬೇಕೆಂದುಕೊಂಡಿದ್ದೆ, ಮಳೆ ಬೆಳೆಯ ಮಾತಾಡಿದೆ. ಆಕೆ ಬೈಯಲಿಲ್ಲ, ಮಜ್ಜಿಗೆ ಕೊಟ್ಟಳು. ಕಿರಿಯ ಮಗಳು ಕುರಿ ಹೊಡೆದುಕೊಂಡು ಹೊರಟಿದ್ದಳು. ಇವಳನ್ನು ಶಾಲೆಗೆ ಕಳಿಸಬಾರದೇ ಎಂದೆ.

"ಸಾಲಿ ಅಲ್ಲೇ ಅದ. ನೀನೇ ನೋಡಿ ಬಾ," ಎಂದಳು.

ಹೋಗಿ ನೋಡಿದೆ. ಮತ್ತೆ ಹಾಕಿದ ಹೊಸ ಛಾವಣಿಯ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಮಕ್ಕಳು ಹೊರಗೆ ಬೇವಿನ ಗಿಡದ ಕೆಳಗೆ ಕೂತು ಮಗ್ಗಿ ಹೇಳುತ್ತಿದ್ದರು.

"ಒಳಗ ಕೂಡಸಾಕ ಧೈರ್ಯ ಸಾಲದುರೀ," ಎಂದರು ಮಾಸ್ತರರು. "ಮ್ಯಾಲಿನವರಿಗೆ ಬರದು ಕಳಿಸೀನಿ."

ಯಾರಿಗೆ ಎಂದು ನಾನು ಕೇಳಲಿಲ್ಲ.