ಬಾಕಿ ಉಳಿದ ‘ಕಂಡೋಲ್’

ಸಾವಾದ ಮನೆಯಿಂದ ಹೊರಡುವಾಗ ಏನು ಹೇಳಬೇಕು?

ಏನೂ ಹೇಳಬಾರದು. ಸುಮ್ಮನೆ ಎದ್ದು, ಚಪ್ಪಲಿ ಹುಡುಕಿಕೊಂಡು ನಡೆಯಬೇಕು. ‘ಬರ್ತೇನೆ’ ಅಂತೂ ಅನ್ನಲೇಬಾರದು. ಅಂದರೆ ಮತ್ತೆ ಇಂಥದ್ದೇ ಕಾರಣಕ್ಕೆ ಬರಬೇಕಾಗುತ್ತದಂತೆ. ನಮ್ಮ ಕಡೆ ಇದು ಚಿಕ್ಕ ಮಕ್ಕಳಿಗೂ ಗೊತ್ತು. ತಲೆ ನೆರೆತ ನಾನು ಮಾತ್ರ ಕೆಲವು ವಾರಗಳ ಹಿಂದೆ ಯಲ್ಲಾಪುರದ ಒಂದು ಮನೆಯಲ್ಲಿ, ತುಂಬಿದ ಜನರ ಎದುರು, ಅದೇ ಮಾತು ಹೇಳಿ ಬಂದೆ.

ಯಾಕೆ ಹೇಳಿದೆ ಅನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಕಿರವತ್ತಿಯ ಹೈವೇ ಪಕ್ಕ ನನ್ನದೊಂದು ಟಯರ್ ಪಂಕ್ಚರ್ ಅಂಗಡಿ. ಮಗಳ ಮದುವೆ ಮುಗಿದ ಮೇಲೆ ಹಟ ಹಿಡಿದು ಹತ್ತನೇ ತರಗತಿ ಪಾಸು ಮಾಡಿದೆ. (ಈಗಲೂ ಈ ಅಂಕಣವನ್ನು ಒಂದೇ ಬೆರಳಲ್ಲಿ ಟೈಪ್ ಮಾಡುತ್ತೇನೆ. ಅರ್ಧ ಮಾಡುವಷ್ಟರಲ್ಲಿ ಒಂದು ಲಾರಿ ಬಂದು ನಿಲ್ಲುತ್ತದೆ.) ಪಾಸಾದರೂ ಇಂಗ್ಲಿಷು ಬರಲಿಲ್ಲ. ಅದಕ್ಕೇ ಪ್ರತಿ ಭಾನುವಾರ ಯಲ್ಲಾಪುರಕ್ಕೆ, ಅಕ್ಕೋರ ಮನೆಗೆ ಹೋಗುತ್ತಿದ್ದೆ. ರಿಟೈರ್ ಆದ ಹೈಸ್ಕೂಲ್ ಟೀಚರ್ ಅವರು. ನಮ್ಮಲ್ಲಿ ಟೀಚರ್ ಅಂದರೆ ಅಕ್ಕೋರು.

ಅವರ ಪಾಠದ ಪದ್ಧತಿ ಬೇರೆ. ವಾರಕ್ಕೊಂದು ಕ್ರಿಯಾಪದ. ಅದೂ ಭಾರೀ ಮರ್ಯಾದೆಯ ಶಬ್ದಗಳು. “ಸಣ್ಣ ಶಬ್ದ ನಿಂಗೆ ಲಾರಿ ಡ್ರೈವರುಗಳು ಕಲಿಸ್ತ್ರು, ದೊಡ್ಡದು ನಾ ಕೊಡ್ತೆ” ಅನ್ನುತ್ತಿದ್ದರು. ಮುಂದಿನ ಭಾನುವಾರ ಆ ಶಬ್ದದ ಒಂದು ವಾಕ್ಯ ಒಪ್ಪಿಸಬೇಕು. ಒಂದೇ ಷರತ್ತು. ವಾಕ್ಯ ನಿಜ ಇರಬೇಕು.

“ರಾಜ ಕಾಡಿಗೆ ಹೋದ ಅಂತೆಲ್ಲ ತರಬೇಡ. ನಿಂಗೆ ಆಗಿದ್ದೇ ಬರಿ. ಆಗದೇ ಇದ್ರೆ ಆಗೋ ತನಕ ಕಾಯಿ.”

‘ಇನ್‌ಫ್ಲೇಟ್’ ಕೊಟ್ಟಾಗ ನನಗೆ ಹಬ್ಬ. ದಿನಾ ಗಾಳಿ ತುಂಬುವವನಿಗೆ ವಾಕ್ಯಕ್ಕೇನು ಬರ? ‘ಪೋಸ್ಟ್‌ಪೋನ್’ ಅಂತೂ ಕಂಪ್ರೆಸರ್ ರಿಪೇರಿಯವನ ಕೃಪೆಯಿಂದ ಒಂದೇ ದಿನದಲ್ಲಿ ಆಯಿತು.

ಪಾಠ ನಡೆಯುವಾಗ ಅವರ ಯಜಮಾನರು ಭಟ್ರು ಪಕ್ಕದಲ್ಲೇ ಕೂತಿರುತ್ತಿದ್ದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನಾನು ಓದುತ್ತಾ ತಡವರಿಸಿದರೆ, “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ” ಅನ್ನುವರು. ಪಾಠ ಮುಗಿಸಿ ಎದ್ದು “ಬರ್ತೇನೆ ಅಕ್ಕೋರೇ” ಅಂದರೆ ಸಾಕು, ಕುರ್ಚಿಯಿಂದಲೇ “ರೈಟ್, ರೈಟ್” ಕೇಳುತ್ತಿತ್ತು. ಅದಾಗದೆ ನಾನು ಬೈಕ್ ಸ್ಟಾರ್ಟ್ ಮಾಡಿದ್ದೇ ಇಲ್ಲ.

ಒಂದು ಭಾನುವಾರ ಅಕ್ಕೋರು ಕೊಟ್ಟ ಶಬ್ದ ‘ಕಂಡೋಲ್’.

“ಸಮಾಧಾನ ಹೇಳೋದಾ?” ಕೇಳಿದೆ.

“ಅಲ್ಲ. ಅದಕ್ಕೆ ಬೇರೆ ಶಬ್ದ ಇದ್ದು. ಸತ್ತವರ ಮನೇಲಿ ಏನು ಸಮಾಧಾನ ಹೇಳ್ತೆ ನೀನು? ಇದು ಜೊತೆಗೆ ನೋಯೋದು. ಅವರ ದುಃಖದ ಪಕ್ಕ ಹೋಗಿ ಕೂರೋದು.”

ಭಟ್ರು ಪೇಪರ್ ಕೆಳಗಿಟ್ಟರು. “ಎಂತ ಶಬ್ದ ಕೊಟ್ಯೆ ಮಾರಾಯ್ತಿ ಅವಂಗೆ? ಯಾರಾದ್ರೂ ಸಾಯ ತನಕ ಇಂವ ವಾಕ್ಯ ಬರೆಯಂಗಿಲ್ಲೆ.”

“ನಿಮ್ಮ ಬಾಯಿಗೆ ಒಂದು ಬ್ರೇಕಿಲ್ಲೆ” ಅಂದರು ಅಕ್ಕೋರು. ಮೂವರೂ ನಕ್ಕೆವು.

ಆ ಶಬ್ದ ಬಾಕಿ ಉಳಿಯಿತು. ಬೇರೆ ಶಬ್ದಗಳು ಬಂದವು, ಹೋದವು. ನಾನು ಗೇಟು ತೆಗೆಯುವಾಗಲೇ ಭಟ್ರು ಕೇಳುವರು: “ಅದು ಆತನಾ?”

“ಇನ್ನೂ ಆಗಲಿಲ್ಲ ಭಟ್ರೇ.”

“ಚಲೋ ಆತು. ಹಂಗೇ ಇರಲಿ.”

ನಂತರದ್ದು ನೀವು ಊಹಿಸಿರುತ್ತೀರಿ. ಭಟ್ರು ಎದೆನೋವು ಅಂದರಂತೆ. ಹುಬ್ಬಳ್ಳಿಗೆ ಕರೆದುಕೊಂಡು ಹೊರಟರಂತೆ. ನನ್ನ ಅಂಗಡಿಯ ಮುಂದಿನಿಂದಲೇ ಆ ಗಾಡಿ ಹೋಗಿದೆ. ನಾನು ಯಾವುದೋ ಟಯರಿನೊಳಗೆ ತಲೆ ಹಾಕಿಕೊಂಡಿದ್ದೆ. ಗಾಡಿ ಆಸ್ಪತ್ರೆ ಮುಟ್ಟಲಿಲ್ಲ.

ಮರುದಿನ ಹೋದೆ. ದಾರಿಯುದ್ದಕ್ಕೂ ಬೈಕಿನ ಮೇಲೆ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿದೆ. ಅಕ್ಕೋರಿಗೆ ಏನಾದರೂ ಕೊಡಬೇಕಲ್ಲ, ಅವರು ಕಲಿಸಿದ್ದನ್ನು ಬಿಟ್ಟು ನನ್ನ ಹತ್ತಿರ ಬೇರೇನಿದೆ? ಅಲ್ಲಿ ಹೋಗಿ ಕೂತರೆ ಕಟ್ಟಿದ ವಾಕ್ಯ ಬಾಯಿಗೇ ಬರಲಿಲ್ಲ. ಬಂದವರೆಲ್ಲ “ಹೆಂಗಾತು?” ಅಂತ ಕೇಳುತ್ತಿದ್ದರು. ಅಕ್ಕೋರು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದರು. ಕೇಳಿದವರು ಸ್ವಲ್ಪ ಹೊತ್ತು ಕೂತು, ಹೇಳದೆ ಎದ್ದು ಹೋಗುತ್ತಿದ್ದರು.

ನಾನೂ ಎದ್ದೆ. ಮತ್ತು ಪ್ರತಿ ಭಾನುವಾರದ ರೂಢಿಯಲ್ಲಿ ಬಾಯಿ ತಾನೇ ಅಂದುಬಿಟ್ಟಿತು: “ಬರ್ತೇನೆ ಅಕ್ಕೋರೇ.”

ಅಷ್ಟೇ ಅಲ್ಲ, ಭಟ್ರ ಕುರ್ಚಿಯ ಕಡೆ ತಿರುಗಿ ಒಂದು ಕ್ಷಣ ಕಾದೆ. ‘ರೈಟ್’ ಬರಲಿ ಅಂತ.

ಭಟ್ರ ಅಕ್ಕ, ಸಿದ್ದಾಪುರದಿಂದ ಬಂದಿದ್ದ ಹಿರಿಯರು, ತಡೆಯಲಾರದೆ ಅಂದರು: “ಇಂಥ ಮನೇಲಿ ಹಂಗೆ ಹೇಳ್ಲಾಗ. ಅಷ್ಟೂ ಗೊತ್ತಿಲ್ಯ ನಿಂಗೆ?”

ಅಕ್ಕೋರು ತಲೆ ಎತ್ತಲಿಲ್ಲ. ನಾನು ತಲೆ ಬಗ್ಗಿಸಿ ಬಂದೆ.

ಆಮೇಲೆ ಹೋಗಲಿಲ್ಲ. ಹನ್ನೆರಡನೇ ದಿನಕ್ಕೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಗಂಡ ಸತ್ತ ಮನೆಯಲ್ಲಿ ಕೆಡುಕಿನ ಮಾತು ಆಡಿ ಬಂದವನು. ಭಾನುವಾರ ಬಂದರೆ ಬೇಡದ ಕೆಲಸ ಹುಡುಕಿ ಅಂಗಡಿಯಲ್ಲೇ ಕೂರುತ್ತಿದ್ದೆ. ಪಾಠ ಮುಗಿಯಿತು ಅಂದುಕೊಂಡೆ.

ಕಳೆದ ವಾರ ಅಕ್ಕೋರ ಫೋನ್ ಬಂತು.

“ಎಲ್ಲಿದ್ಯೋ?”

“ಅಂಗಡೀಲಿ ಅಕ್ಕೋರೇ. ಅವತ್ತು ನಾನು ಹಂಗೆ ಹೇಳಬಾರದಿತ್ತು...”

“ಅದನ್ನು ಬಿಡು. ಅವತ್ತು ಎಷ್ಟು ಜನ ಬಂದಿದ್ರು ನೋಡಿದ್ಯಲ. ಎಲ್ಲ ಹೇಳದೇ ಎದ್ದು ಹೋದ್ರು. ಪದ್ಧತಿ ಅದು, ತಪ್ಪಲ್ಲ. ಅತ್ತಿಗೆನೂ ಊರಿಗೆ ಹೋದ್ರು. ಈಗ ಗೇಟಿನ ಸದ್ದೇ ಇಲ್ಲೆ. ಬರ್ತೆ ಅಂದವ ನೀನೊಬ್ಬ ಇದ್ದೆ. ಆ ಮಾತು ನಂಬ್ಕಂಡು ಭಾನುವಾರ ನಿನ್ನ ಕುರ್ಚಿ ಹೊರಗೆ ಹಾಕ್ತಾ ಇದ್ದೆ ನಾನು. ನೀನೂ ಬರಲಿಲ್ಲ.”

ಮೊನ್ನೆ ಭಾನುವಾರ ಹೋದೆ. ಎರಡು ಕುರ್ಚಿ ಇದ್ದವು, ಮೂರನೆಯದು ಒಳಗಿತ್ತು. ಅಕ್ಕೋರು ಹೊಸ ಶಬ್ದ ಕೊಡಲಿಲ್ಲ, ನಾನೂ ಕೇಳಲಿಲ್ಲ. ಸುಮ್ಮನೆ ಕೂತೆವು. ಹೆಂಗಾತು ಅಂತ ನಾನು ಕೇಳಲಿಲ್ಲ. ಅವರು ಭಟ್ರ ಬಸ್ಸಿನ ಕತೆಗಳನ್ನು ಹೇಳಿದರು. ಒಂದೆರಡು ಸಲ ನಕ್ಕರು, ಒಂದು ಸಲ ಅತ್ತರು.

ಏಳುವಾಗ ಅವರೇ ಕೇಳಿದರು. “ಅದು ಆತನಾ?”

“ಇನ್ನೂ ಆಗಲಿಲ್ಲ ಅಕ್ಕೋರೇ” ಅಂದೆ. ಆ ವಾಕ್ಯ ಒಂದು ವಾರದಲ್ಲಿ ಮುಗಿಯುವುದಲ್ಲ ಅಂತ ಆಗಷ್ಟೇ ತಿಳಿದಿತ್ತು.

ನೀವೂ ಈಚೆಗೆ ಇಂಥ ಯಾವುದಾದರೂ ಮನೆಯಿಂದ ಹೇಳದೆ ಎದ್ದು ಬಂದಿರಬಹುದು. ಸರಿಯಾಗೇ ಮಾಡಿದ್ದೀರಿ. ಆದರೆ ‘ಬರ್ತೇನೆ’ ಅನ್ನಬಾರದು ಅಂತಷ್ಟೇ ಹಿರಿಯರು ಹೇಳಿದ್ದು. ಮತ್ತೆ ಬರಲೇಬಾರದು ಅಂತ ನಮಗೆ ಯಾರು ಹೇಳಿದರು?